ಹೊಸ ಲೈನಿನ ಖಂಡೇಪೂಜೆ

ಸ್ಪಿರಿಟ್ಟಿನ ವಾಸನೆ ಬಂದರೆ ಎಲ್ಲರಿಗೂ ಆಸ್ಪತ್ರೆ ನೆನಪಾಗುತ್ತದೆ. ನನಗೆ ಮಾತ್ರ ಬ್ರಾಡ್‌ಬ್ಯಾಂಡ್ ನೆನಪಾಗುತ್ತದೆ. ಈ ದಿನ ಬೆಳಿಗ್ಗೆ ಅತ್ತೆಯವರ ಬೆರಳು ಚುಚ್ಚಿ ಸಕ್ಕರೆ ನೋಡಲು ಬಂದ ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ್ದೇ ತಡ, ನನ್ನ ಕಣ್ಣು ತಾನಾಗಿಯೇ ಗೋಡೆಯ ಮೇಲಿನ ಬಿಳಿ ಡಬ್ಬಿಯ ಕಡೆ ಹೋಯಿತು. ದೀಪ ಹಸಿರಿದೆಯೋ, ಕೆಂಪಿದೆಯೋ? ನೀವು ನಗಬಹುದು. ಕಾರಣ ಕೇಳಿದ ಮೇಲೆ ಇನ್ನೂ ಜೋರಾಗಿ ನಗುತ್ತೀರಿ, ಅದೂ ಗೊತ್ತು.

ಎರಡು ವರ್ಷದ ಹಿಂದಿನ ಮಾತು. ಸಿಂಧನೂರಿನ ನಮ್ಮ ಮನೆಗೆ ಆಗ ಹಳೆಯ ಕಂಪನಿಯೊಂದರ ಇಂಟರ್ನೆಟ್ ಇತ್ತು. ಅದರ ತಂತಿ ಲೈಟು ಕಂಬದಿಂದ ಎದುರು ಮನೆಯ ಬೇವಿನ ಮರಕ್ಕೆ, ಮರದಿಂದ ನಮ್ಮ ಮಾಳಿಗೆಗೆ ಜೋತುಕೊಂಡು ಬರುತ್ತಿತ್ತು. ಎದುರು ಮನೆಯವರು ಅದರ ಮೇಲೆ ಲಂಗ ಒಣಹಾಕುತ್ತಿದ್ದರು. ಒದ್ದೆ ಲಂಗ ಇದ್ದ ದಿನ ಸ್ಪೀಡು ಕಡಿಮೆ ಎಂಬುದು ನಮ್ಮ ಯಜಮಾನರ ಸಿದ್ಧಾಂತ. ಅವರದು ಮಸ್ಕಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಹಾಗಾಗಿ ಹಗಲಿನ ಇಂಟರ್ನೆಟ್ ಅವರಿಗೆ ಸಿದ್ಧಾಂತ, ನನಗೆ ಸಂಸಾರ.

ಆ ವರ್ಷ ನನಗೊಂದು ಆಸೆ ಹುಟ್ಟಿತ್ತು. ನನ್ನ ತವರು ಲಿಂಗಸುಗೂರು, ಓದಿದ್ದು ಕಾನ್ವೆಂಟಿನಲ್ಲಿ. ಸಿಸ್ಟರುಗಳು ಸ್ಕೇಲು ಹಿಡಿದು ಕಲಿಸಿದ ಇಂಗ್ಲಿಷ್ ಮದುವೆಯಾದ ಮೇಲೆ ಶಾಂಪೂ ಬಾಟಲಿಯ ಹಿಂಬದಿ ಓದುವುದಕ್ಕಷ್ಟೇ ಉಳಿದಿತ್ತು. ಆನ್‌ಲೈನಿನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸಕ್ಕೆ, ಯಾರಿಗೂ ಹೇಳದೆ, ಅರ್ಜಿ ಹಾಕಿದೆ. ಡೆಮೊ ಕ್ಲಾಸಿಗೆ ಕರೆ ಬಂತು. ಅರ್ಧ ತಾಸು, ಒಂದು ಮಗು, ಒಬ್ಬ ಪರೀಕ್ಷಕಿ. ನಡುವೆ ಲೈನು ಕಡಿದರೆ ಇನ್ನೊಂದು ಅವಕಾಶವಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಹೊಸ ಸೀರೆ ಬೇಕೆಂದು ಹಟ ಹಿಡಿಯದವಳು ಹೊಸ ಲೈನು ಬೇಕೆಂದು ಹಟ ಹಿಡಿದೆ.

ಹೊಸ ಕಂಪನಿಯ ಜಾಹೀರಾತಿನಲ್ಲಿ ಒಂದಿಡೀ ಕುಟುಂಬ ಸೋಫಾದಲ್ಲಿ ಕೂತು, ತಮ್ಮ ತಮ್ಮ ಫೋನು ನೋಡುತ್ತ, ಎಲ್ಲರೂ ಒಟ್ಟಿಗೇ ನಗುತ್ತಿದ್ದರು. ನಮ್ಮ ಮನೆಗೆ ಬಂದವನು ಬಳಗಾನೂರಿನ ಅಮರೇಶ, ನಲವತ್ತು ದಾಟಿದ ಲೈನ್‌ಮನ್. ಮೂಗಿನ ತುದಿಗೆ ಚಾಳೀಸು ಕನ್ನಡಕ, ಬೈಕಿಗೆ ಕಟ್ಟಿದ ನಿಚ್ಚಣಿಕೆ. ಶಾವಿಗೆಯಷ್ಟು ತೆಳ್ಳಗಿನ ಹಳದಿ ತಂತಿಯನ್ನು ಡಬ್ಬಿಗೆ ಸಿಕ್ಕಿಸಿ ಹೇಳಿದ: “ಇದರಾಗ ಕರೆಂಟ್ ಇಲ್ರಿ ಮೇಡಮ್ಮರ, ಗಾಜಿನ ಎಳಿ ಐತಿ. ಬೆಳಕು ಓಡ್ತೈತಿ. ತುದಿ ಒಂದು ಯಾರೂ ಮುಟ್ಟಬ್ಯಾಡ್ರಿ.”

ಎಲ್ಲ ಗೊತ್ತಿರುವವಳ ಹಾಗೆ ತಲೆಯಾಡಿಸಿದೆ. ಆ ಮಾತನ್ನು ಮನೆಯ ಇನ್ನೊಬ್ಬರಿಗೆ ದಾಟಿಸಬೇಕೆಂದು ಹೊಳೆಯಲೇ ಇಲ್ಲ. ಸ್ಪೀಡು ತೊಂಬತ್ತೆಂಟು ತೋರಿಸಿತು. ಫೋಟೊ ತೆಗೆದು ಮಸ್ಕಿಗೆ ಕಳಿಸಿದೆ. ಅಂಗಡಿಯಿಂದ ಹೆಬ್ಬೆರಳೊಂದು ಬಂತು.

ನಾಲ್ಕು ದಿನಕ್ಕೆ ಮಹಾನವಮಿಯ ಖಂಡೇಪೂಜೆ. ನಮ್ಮಲ್ಲಿ ಅಂದು ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಸ್ನಾನ, ವಿಭೂತಿ, ಹೂವು. ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರ, ಮಿಕ್ಸಿ, ಸ್ಕೂಟರು, ಯಾವುದನ್ನೂ ಅತ್ತೆಯವರು ಬಿಡುವುದಿಲ್ಲ. ದುಡಿಯುವ ಸೊಸೆಗೆ ಮಾತ್ರ ಹೂವಿಲ್ಲ, ಹೋಳಿಗೆಯ ಹಂಚು. ನಾನು ಒಳಗೆ ಬೇಯಿಸುತ್ತಿದ್ದೆ, ಅವರು ಹೊರಗೆ ಪೂಜಿಸುತ್ತಿದ್ದರು.

ಮರುದಿನ ನೋಡಿದರೆ ಸ್ಪೀಡು ಮೂರು. ಡಬ್ಬಿಯ ಮೇಲೆ ಕೆಂಪು ದೀಪ ಕಣ್ಣು ಹೊಡೆಯುತ್ತಿತ್ತು. ಡೆಮೊಗೆ ಉಳಿದದ್ದು ಎರಡೇ ದಿನ.

ಕಂಪನಿಗೆ ಫೋನು ಮಾಡಿದೆ. ಕನ್ನಡಕ್ಕೆ ಒಂದು, ಇಂಗ್ಲಿಷಿಗೆ ಎರಡು. ಎರಡು ಒತ್ತಿದರೆ ಮರ್ಯಾದೆ ಜಾಸ್ತಿ ಎಂಬುದು ಕಾನ್ವೆಂಟಿನ ಮೂಢನಂಬಿಕೆ. ಆ ಕಡೆಯ ಹುಡುಗಿ ಬಹಳ ವಿನಯದಿಂದ, ಡಬ್ಬಿ ಆರಿಸಿ ಮತ್ತೆ ಹಚ್ಚಿ ಎಂದಳು. ಹಚ್ಚಿದೆ. ಮತ್ತೆ ಆರಿಸಿ ಎಂದಳು. ಐದನೆಯ ಸಲಕ್ಕೆ ನನ್ನ ಇಂಗ್ಲಿಷ್ ಹದಿನೆಂಟು ವರ್ಷದ ನಿದ್ದೆಯಿಂದ ಎದ್ದಿತು. ಫೋನಿಟ್ಟು, ಒಂದು ಪುಟದ ದೂರು ಬರೆದೆ. ವ್ಯಾಕರಣ ಒಂದೂ ತಪ್ಪಿಲ್ಲ. ನಡುವೆ ಅಮರೇಶನ ಹೆಸರನ್ನೂ ಕೂರಿಸಿದೆ. ಓದಿಕೊಂಡು, ನಿಮ್ಮಾಣೆ, ಹೆಮ್ಮೆಪಟ್ಟೆ.

ಮರುದಿನ ಅಮರೇಶನೇ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಮೊದಲು ಡಬ್ಬಿ ನೋಡಲಿಲ್ಲ, ತನ್ನ ಫೋನು ನನ್ನ ಮುಂದೆ ಹಿಡಿದ.

“ಮೇಡಮ್ಮರ, ‘ಅಟರ್ಲಿ ಇನ್‌ಕಾಂಪಿಟೆಂಟ್’ ಅಂದ್ರ ಏನ್ರಿ? ಶಿಕಾಯತ್‌ನ್ಯಾಗ ನನ್ನ ಹೆಸರಿನ ಮುಂದ ಬಂದೈತಿ. ಮಗಳು ಕಾಲೇಜ್ ಓದ್ತಾಳ, ಅಕಿಗೆ ಕೇಳಿದ್ರ ಹೇಳವಲ್ಲಳು.”

ಇಂಗ್ಲಿಷ್ ಟೀಚರಾಗಲು ಹೊರಟವಳಿಗೆ ಬಂದ ಮೊಟ್ಟಮೊದಲ ಪ್ರಶ್ನೆ. “ಬಹಳ... ಬಿಜಿ ಇರೋರು ಅಂತ ಅರ್ಥ” ಎಂದೆ.

“ಹಂಗಾದ್ರ ಖರೇ ಐತಿ ಬಿಡ್ರಿ” ಎಂದು ಅವನು ನಿಚ್ಚಣಿಕೆ ಹತ್ತಿದ.

ಮಾಳಿಗೆ ನೋಡಿದ, ಕಂಬ ನೋಡಿದ. ಎಲ್ಲ ಸರಿಯಿತ್ತು. ಕೊನೆಗೆ ಡಬ್ಬಿಯಿಂದ ತಂತಿ ಕಿತ್ತು, ತುದಿಯನ್ನು ಒಂದು ಸಣ್ಣ ದುರ್ಬೀನಿಗೆ ಹಿಡಿದು ನೋಡಿದ. “ಯಾರ್ರೀ ಇದಕ್ಕ ಸುಣ್ಣಾ ಬಳದವ್ರು?”

“ಸುಣ್ಣಲ್ಲಪಾ, ಈಬತ್ತಿ” ಎಂದರು ಬಾಗಿಲಲ್ಲಿ ಕೂತು ಅವರೆ ಬಿಡಿಸುತ್ತಿದ್ದ ಅತ್ತೆ. “ಪೂಜಿ ದಿನ ನಾನs ಹಚ್ಚೀನಿ. ಹಳೇ ಡಬ್ಬಿಗೂ ವರ್ಷಾ ಹಿಂಗs ಬಿಚ್ಚಿ ಹಚ್ಚತಿದ್ನಿ. ಅದೇನೂ ಅನ್ನಲಿಲ್ಲ.”

“ಅದು ತಾಂಬ್ರದ್ದವ್ವಾ, ದಪ್ಪ ಚರ್ಮದ್ದು, ತಡಕಂತು. ಇದು ಬೆಳಕಿಂದು. ಡಬ್ಬಿಗೆ ಹಚ್ಚಿ ಬಿಡಬೇಕಿತ್ತಿಲ್ಲ, ತುದಿಗ್ಯಾಕ ಹಚ್ಚಿದಿ?”

“ಕುಡುಗೋಲಿನ ಹಿಡಿಕಿಗೆ ಹಚ್ಚತಾರೇನು? ಕೆಲಸ ಮಾಡೋದು ಮೊನಿ. ಮೊನಿಗೆ ಹಚ್ಚೀನಿ.”

ಅಮರೇಶ ತನ್ನ ಸಾಮಾನಿನ ಪೆಟ್ಟಿಗೆ ತೆರೆದ. ಅದರ ಮೇಲೂ ಮೂರು ಬೆರಳಿನ ವಿಭೂತಿ ಇತ್ತು. ಸ್ಪಿರಿಟ್ಟಿನಲ್ಲಿ ನೆನೆದ ಒರೆಸುಕಾಗದದ ಪೊಟ್ಟಣವೊಂದನ್ನು ಹರಿದು ತುದಿಯನ್ನು ಒರೆಸಿದ, ಡಬ್ಬಿಯ ತೂತನ್ನು ಒರೆಸಿದ. ಪಡಸಾಲೆಯ ತುಂಬ ಆಸ್ಪತ್ರೆಯ ವಾಸನೆ. ದೀಪ ಹಸಿರಾಯಿತು. ಸ್ಪೀಡು ತೊಂಬತ್ತೇಳು.

ಕಂಪನಿ ಕಳ್ಳ, ಲೈನ್‌ಮನ್ ದಡ್ಡ ಎಂದು ಬರೆದಿದ್ದ ನನ್ನ ಒಂದು ಪುಟ, ತಪ್ಪಿಲ್ಲದ ಆ ವ್ಯಾಕರಣದ ಸಮೇತ, ಬೂದಿಯಾಗಿತ್ತು. ಅಂದೇ ಸಂಜೆ ಫೋನು ಮಾಡಿ, ಈ ಸಲ ಒಂದು ಒತ್ತಿ, ಕನ್ನಡದಲ್ಲಿ ತಪ್ಪು ನಮ್ಮದೇ ಎಂದು ಬರೆಸಿದೆ. ಅಮರೇಶನನ್ನು ಕರೆದು ಆ ಪದದ ನಿಜವಾದ ಅರ್ಥವನ್ನೂ ಹೇಳಿದೆ. “ಗೊತ್ತಿತ್ರೀ,” ಎಂದ, “ಮಗಳು ಹೇಳಿದ್ಲು. ನೀವು ಹೇಳ್ತೀರೇನೋ ಅಂತ ನೋಡಿದ್ನಿ.”

ಡೆಮೊ ದಿನ ಬಂತು. ಪರದೆಯ ಮೇಲೆ ಎರಡು ಜಡೆಯ ಒಂದು ಹುಡುಗಿ. ಅವಳ ಹಲ್ಲಿನ ಸಂದಿಯೂ ಕಾಣುವಷ್ಟು ಸ್ವಚ್ಛ ಚಿತ್ರ. ಮೂಲೆಯಲ್ಲಿ ಪರೀಕ್ಷಕಿ. ಪಾಠ, ಸಮುದ್ರದ ನಡುವಿನ ದೀಪಸ್ತಂಭ. ಚೆನ್ನಾಗಿಯೇ ಹೋಗುತ್ತಿತ್ತು. ಅಷ್ಟರಲ್ಲಿ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು: “ಮಿಸ್, ಸಮುದ್ರ ಅಷ್ಟು ದೊಡ್ಡದಿದೆಯಲ್ಲ, ದೀಪದ ಬೆಳಕು ನಡುವೆ ಮುಗಿದುಹೋಗೋದಿಲ್ಲವಾ?”

ನನಗೆ ಗೊತ್ತಿರಲಿಲ್ಲ. ಯಾವ ಸಿಸ್ಟರೂ ಹೇಳಿರಲಿಲ್ಲ. ನನ್ನ ಬಾಯಿ, ನನ್ನನ್ನು ಕೇಳದೆಯೇ, “ಹಲೋ? ಹಲೋ? ನಿನ್ನ ದನಿ ಕೇಳಿಸುತ್ತಿಲ್ಲ, ಲೈನು ಸರಿಯಿಲ್ಲ” ಎಂದುಬಿಟ್ಟಿತು.

ಬಾಗಿಲಿನಿಂದ ಅತ್ತೆಯವರ ಸ್ವರ ಬಂತು, ಗಂಟೆ ಬಾರಿಸಿದ ಹಾಗೆ: “ನನಗಿಲ್ಲೀತನಾ ಕೇಳಿಸ್ತಲ್ಲಬೇ! ಆ ಕೂಸು ಏನೋ ಕೇಳಾಕತ್ತೈತಿ, ಹೇಳು. ಅಮರೇಶ ಸಾಫ್ ಮಾಡಿ ಹೋಗ್ಯಾನ, ಲೈನಿನ ಮ್ಯಾಲ ಹಾಕಬ್ಯಾಡ.”

ಲೈನು ಎಷ್ಟು ಚೆನ್ನಾಗಿತ್ತೆಂದರೆ ಪರೀಕ್ಷಕಿಗೂ ಅದು ಅಕ್ಷರ ಬಿಡದೆ ಕೇಳಿಸಿತು. ಆಕೆಯೂ ಕನ್ನಡದವಳೇ ಇರಬೇಕು, ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನು ಉಳಿದದ್ದೇನು? “ಐ ಡೋಂಟ್ ನೋ” ಎಂದೆ. ಆ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಅದೇ ಮೊದಲು. ಆಮೇಲೆ, “ಲೆಟ್ಸ್ ಫೈಂಡ್ ಔಟ್” ಎಂದೆ. ಉಳಿದ ಹದಿನೈದು ನಿಮಿಷ ನಾವಿಬ್ಬರೂ ಕೂಡಿ ಹುಡುಕಿದೆವು. ಕೆಲಸ ಸಿಕ್ಕಿತು.

ಈಗ ನನಗೆ ನಾಲ್ಕು ಮಕ್ಕಳು ಶಿಷ್ಯರು. ದಿನಕ್ಕೆ ಎರಡು ಸಲವಾದರೂ ಗೊತ್ತಿಲ್ಲ ಎನ್ನುತ್ತೇನೆ, ಸರಾಗವಾಗಿ. ಕೇಳಿ ಕೇಳಿ ಅತ್ತೆಯವರಿಗೂ ಅಷ್ಟು ಇಂಗ್ಲಿಷ್ ಬಂದಿದೆ. ಈ ದಿನ ಮಧ್ಯಾಹ್ನ ಕ್ಲಾಸಿನ ನಡುವೆ ಮೂರನೆಯ ಕಂಪನಿಯೊಂದರ ಏಜೆಂಟ್ ಬಾಗಿಲಿಗೆ ಬಂದಿದ್ದ. “ಅಮ್ಮಾರ, ಈಗಿನ ಲೈನ್ ಹೆಂಗೈತ್ರಿ? ಸ್ಪೀಡ್ ಎಷ್ಟ್ ಬರ್ತೈತಿ?”

“ಐ ಡೋಂಟ್ ನೋ” ಎಂದರು ಅತ್ತೆ, ಬಾಗಿಲು ಮುಚ್ಚುತ್ತ.

ಪರದೆಯೊಳಗಿಂದ ನಾಲ್ಕೂ ಮಕ್ಕಳು ಒಂದೇ ಉಸಿರಿನಲ್ಲಿ ಕೂಗಿದವು: “ಲೆಟ್ಸ್ ಫೈಂಡ್ ಔಟ್!”