ಬಾರದ ನಾಲ್ಕು ಪತ್ರ

ಪ್ಯಾಲೆಸ್ಟೀನ್ ಪರ ಮಾತಾಡಿ ಕೆಲಸವನ್ನೋ ಕಾಲೇಜನ್ನೋ ಕಳೆದುಕೊಳ್ಳುವವರ ಪರ ವಾದಿಸುವುದು ಇಪ್ಪತ್ತು ವರ್ಷಗಳಿಂದ ನನ್ನ ಕಸುಬು. ಎದುರು ಪಕ್ಷದ ವಕೀಲರಿಗೆ ನಾನು ಬಾಯಿಬಡುಕಿ. ಆದರೆ ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ನಮ್ಮ ಕನ್ನಡದವರ ನಡುವೆ ನಾನು ವೀಸಾ ಲಾಯರು. ಯಾರೋ ಹಾಗೆ ತಿಳಿದರು, ನಾನು ತಿದ್ದಲಿಲ್ಲ. ಹಬ್ಬದೂಟಕ್ಕೆ ಹೋದಲ್ಲಿ ಜಗಳ ಯಾರಿಗೆ ಬೇಕು ಎಂದುಕೊಂಡೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕಳೆದ ವರ್ಷ ಮಂಡ್ಯ ಕಡೆಯ ಒಬ್ಬ ತಾಯಿ ಇಂಟರ್ನೆಟ್ಟಿನಲ್ಲಿ ನನ್ನ ಕೆಲಸ ಪತ್ತೆ ಮಾಡಿ ಗುಟ್ಟಾಗಿ ಆಫೀಸಿಗೆ ಬಂದರು. ಗಾಜಾ ಪರ ಧರಣಿ ಕೂತಿದ್ದಕ್ಕೆ ಅವರ ಮಗಳನ್ನು ಯೂನಿವರ್ಸಿಟಿ ಹೊರಹಾಕಲು ಹೊರಟಿತ್ತು. ವಿಚಾರಣೆಗೆ ಮೂರು ವಾರವಿತ್ತು. ಅವಳನ್ನು ಬಲ್ಲ ನಾಲ್ಕು ಜನರಿಂದ ಒಳ್ಳೆಯ ನಡತೆಯ ಪತ್ರ ತನ್ನಿ ಎಂದೆ. ಹುಡುಗಿ ನಮ್ಮ ಭಾನುವಾರದ ಕನ್ನಡ ಶಾಲೆಯಲ್ಲಿ ಐದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ್ದಳು. ಪತ್ರಕ್ಕೇನು ಬರ ಅನ್ನಿಸಿತ್ತು.

ಯುಗಾದಿ ಊಟದ ದಿನ ಆ ತಾಯಿ ನನ್ನ ಪಕ್ಕ ಕೂತಿದ್ದ ನಾಲ್ವರು ಹೆಂಗಸರ ಮುಂದೆ ಬರೆದು ತಂದ ಪತ್ರಗಳನ್ನಿಟ್ಟು ಸೈನ್ ಕೇಳಿದರು. ಯಾರೂ ಆಗಲ್ಲ ಅನ್ನಲಿಲ್ಲ. ಒಬ್ಬಾಕೆ, ಆ ಹುಡುಗಿಯ ಹತ್ತಿರವೇ ತನ್ನ ಮಗನನ್ನು ಕಲಿಯಲು ಬಿಟ್ಟಿದ್ದಾಕೆ, ಪೆನ್ನು ತೆಗೆದು ನನ್ನ ಕಡೆ ತಿರುಗಿದರು.

"ನೀವು ಲಾಯರಲ್ವಾ ಅಕ್ಕ, ಸೈನ್ ಮಾಡಿದ್ರೆ ನಮಗೇನಾದ್ರೂ ಪ್ರಾಬ್ಲಮ್ಮು ಆಗುತ್ತಾ?"

ಆಕೆ ಸಿಟಿಜನ್ ಆಗಿ ಹತ್ತು ವರ್ಷವಾಗಿತ್ತು. ಏನೂ ಆಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಂತ ಹೇಳಿದರೆ ವೀಸಾ ಲಾಯರಿಗೆ ಇಂಥ ಕೇಸು ಹೇಗೆ ಗೊತ್ತು ಎನ್ನುತ್ತಾರೆ, ಆಮೇಲೆ ನನ್ನ ನಿಜವಾದ ಕಸುಬೂ ಹೊರಬೀಳುತ್ತದೆ. ಹೋಳಿಗೆ ಮುರಿಯುತ್ತ, "ಯಾವುದಕ್ಕೂ ಸ್ವಲ್ಪ ಯೋಚನೆ ಮಾಡಿ ಸೈನ್ ಮಾಡಿ" ಅಂದುಬಿಟ್ಟೆ. ಕಕ್ಷಿದಾರರಿಗೆ ಸಾವಿರ ಸಲ ಹೇಳಿದ ಮಾತು, ಅಭ್ಯಾಸಬಲದಿಂದ ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದುಂಟು. ಸುಳ್ಳು. ನಾನು ಹೆದರಿದ್ದೆ. ಆಕೆ ಪೆನ್ನಿನ ಕ್ಯಾಪು ಹಾಕಿದರು. ಉಳಿದ ಮೂವರೂ ಪಾಯಸದ ಕಡೆ ಎದ್ದು ಹೋದರು.

ವಿಚಾರಣೆಯಲ್ಲಿ ಎರಡು ಗಂಟೆ ಗಂಟಲು ಹರಿದುಕೊಂಡೆ. "ಇವಳನ್ನು ಬಲ್ಲವರು ಯಾರೂ ಬರೆದುಕೊಟ್ಟಿಲ್ಲವೇ?" ಎಂದು ಸಮಿತಿಯ ಮುಖ್ಯಸ್ಥೆ ಕೇಳಿದಾಗ ಮಾತ್ರ ಇಲ್ಲ ಎನ್ನಬೇಕಾಯಿತು. ಹುಡುಗಿಯನ್ನು ಒಂದು ವರ್ಷ ಹೊರಗಿಟ್ಟರು.

ಮೊನ್ನೆ ಗ್ರೋಸರಿ ಅಂಗಡಿಯಲ್ಲಿ ಆ ತಾಯಿ ಸಿಕ್ಕರು. ಮಗಳು ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಾಳಂತೆ, ಕನ್ನಡ ಶಾಲೆಗೆ ಬರುವುದನ್ನು ಬಿಟ್ಟಿದ್ದಾಳಂತೆ. ತಪ್ಪೊಪ್ಪಿಕೊಳ್ಳಬೇಕೆಂದು ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಕೈ ಹಿಡಿದುಕೊಂಡರು.

"ಅವತ್ತು ನೀವು ಇದ್ದದ್ದು ಇದ್ದಂಗೆ ಹೇಳಿದ್ರಿ ಮೇಡಂ, ಒಳ್ಳೇದಾಯ್ತು. ನನ್ನ ಮಗಳಿಗೋಸ್ಕರ ಸೈನ್ ಮಾಡಿ ಆ ಹೆಂಗಸರ ಮನೆಯವ್ರಿಗೆ ತೊಂದ್ರೆ ಆಗ್ಬಾರ್ದಿತ್ತು."

ನಾನು ಹೌದೆಂದು ತಲೆಯಾಡಿಸಿದೆ.