ಎರಡು ಸಲ ಮಿಂದ ಕೂಸು

ನನ್ನ ದನಿ ದೊಡ್ಡದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಲ್ಲಿ ಮೆಷಿನ್ ಓಡುತ್ತಿದ್ದರೂ ನಾನು ಮನೆಯಿಂದ ಕೂಗಿದರೆ ಗಂಡನಿಗೆ ಕೇಳುತ್ತದೆ ಎಂದು ಬಾಳೂರಿನ ನಮ್ಮ ಎಸ್ಟೇಟಿನಲ್ಲಿ ಎಲ್ಲರೂ ತಮಾಷೆ ಮಾಡುತ್ತಿದ್ದರು. ಗಂಡ ಅಲ್ಲಿ ಕೂಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕುದುರೆಮುಖದ ಗಣಿ ಇನ್ನೇನು ನಿಲ್ಲುತ್ತದಂತೆ ಎಂಬ ಮಾತು ಎದ್ದಿದ್ದ ಆ ವರ್ಷ, ಈ ದನಿಯ ದೆಸೆಯಿಂದಲೇ ನನಗೊಂದು ಕೆಲಸ ಗಂಟುಬಿತ್ತು. ಊರೂರಿಗೆ ಹೋಗಿ ಮರೆವಿನ ಕಾಯಿಲೆಯ ಬಗ್ಗೆ ಜನರಿಗೆ ತಿಳಿಹೇಳುವ ಶಿಬಿರಗಳಲ್ಲಿ ಚಾರ್ಟು ಓದುವ ಕೆಲಸ. ಒಬ್ಬ ಡಾಕ್ಟರು, ಮೂರು ಜನ ಹೆಂಗಸರು, ಬಣ್ಣದ ಚಿತ್ರಗಳ ಒಂದು ಚಾರ್ಟು, ಇಷ್ಟೇ ನಮ್ಮ ಸೈನ್ಯ.

ಕಾಯಿಲೆಗೆ ಆಲ್ಝೈಮರ್ಸ್ ಎಂದು ಹೆಸರು. ಅದು ನಮ್ಮ ಯಾರ ನಾಲಿಗೆಗೂ ಸಲೀಸಾಗಿ ಬರುತ್ತಿರಲಿಲ್ಲ. ವಯಸ್ಸಾದವರು ಹೇಳಿದ್ದನ್ನೇ ಹೇಳಿದರೆ ಅರಳುಮರಳು ಎಂದು ನಗಬೇಡಿ, ಅದು ಮೆದುಳಿನ ಕಾಯಿಲೆ ಇರಬಹುದು, ಮುಚ್ಚಿಡಬೇಡಿ, ಹೆದರಬೇಡಿ ಎಂದು ನಾನು ಓದುತ್ತಿದ್ದೆ. ‘ಹೆದರಬೇಡಿ’ ಎನ್ನುವುದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳುತ್ತಿದ್ದೆ. ಜನ ಚಹಾ ಕುಡಿದು ತಲೆಯಾಡಿಸಿ ಹೋಗುತ್ತಿದ್ದರು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂಬ ಜಂಬ ನನಗೆ ಸ್ವಲ್ಪ ಇತ್ತು.

ಆಗ ನನ್ನ ಮಗಳಿಗೆ ಎಂಟು ತಿಂಗಳು. ಅವಳಿಗೆ ನೀರು ಹಾಕಲು ಕೂಲಿ ಲೈನಿನ ಕೊನೆಯ ಮನೆಯಿಂದ ಒಬ್ಬ ಅಜ್ಜಿ ಬರುತ್ತಿದ್ದಳು. ತೋಟದ ಕೆಲಸ ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೆ ಎಸ್ಟೇಟಿನಲ್ಲಿ ಹುಟ್ಟಿದ ಕೂಸುಗಳೆಲ್ಲ ಆಕೆಯ ಕೈಯಲ್ಲೇ ಮಿಂದು ಬೆಳೆದವು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ತಿಕ್ಕಿದ ಕೂಸನ್ನು ಆ ಕಾಲಿನ ಮೇಲೆ ಕವುಚಿ ಮಲಗಿಸಿ, ತಂಬಿಗೆ ತಂಬಿಗೆ ಬಿಸಿನೀರು ಸುರಿಯುತ್ತಿದ್ದಳು. ಮಿಂದೆದ್ದ ಮಗಳು ಕೆಂಪಗಾಗಿ, ಮೂರು ತಾಸು ಹಂದದೆ ಮಲಗುತ್ತಿದ್ದಳು. ನನಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇರಲಿಲ್ಲ.

ಒಂದು ದಿನ ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಹೋದ ಅಜ್ಜಿ ಸ್ವಲ್ಪ ಹೊತ್ತಿಗೆ ಮತ್ತೆ ಬಂದಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಮಗಳು ಎರಡನೇ ಸಲ ಮಿಂದು ಮುಗಿಸಿದ್ದಳು. ನಾನು ಬಿದ್ದು ಬಿದ್ದು ನಕ್ಕೆ. ಎಸ್ಟೇಟಿನಲ್ಲಿ ನನ್ನ ಮಗಳಷ್ಟು ಚೊಕ್ಕಟದ ಕೂಸು ಇನ್ನೊಂದಿಲ್ಲ ಎಂದು ಕ್ವಾರ್ಟರ್ಸಿನಲ್ಲೆಲ್ಲ ಹೇಳಿಕೊಂಡು ಬಂದೆ.

ಮುಂದಿನ ವಾರ ಕಳಸದಲ್ಲಿ ಶಿಬಿರ. ಬೆಳಿಗ್ಗೆ ಏಳೂವರೆಯ ಜೀಪು ಹಿಡಿಯಬೇಕಿತ್ತು. ಅಷ್ಟು ಚಳಿಯಲ್ಲಿ ಕೂಸಿಗೆ ನೀರು ಹಾಕುವಂತಿರಲಿಲ್ಲ. ಬಿಸಿಲೇರಿದ ಮೇಲೆ, ಎಂದಿನ ಹಾಗೆ ಹನ್ನೆರಡರ ಹೊತ್ತಿಗೆ ಹಾಕಿ ಮಲಗಿಸಿ ಎಂದು ಹೇಳಿ, ಕೂಸನ್ನೂ ಮನೆಯನ್ನೂ ಅಜ್ಜಿಗೆ ಒಪ್ಪಿಸಿ ಹೊರಟೆ. ಅವರಿಬ್ಬರನ್ನೇ ಬಿಟ್ಟು ಹೋಗಿದ್ದು ಅದೇ ಮೊದಲು.

ಕಳಸದಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಹತ್ತೂವರೆಗೆ ಚಾರ್ಟು ಬಿಡಿಸಿದೆ. ಅದನ್ನು ಅಷ್ಟು ಸಲ ಓದಿದ್ದೆನಲ್ಲ, ಬಾಯಿ ಅದರ ಪಾಡಿಗೆ ಓದುತ್ತಿತ್ತು, ಮನಸ್ಸು ಎಲ್ಲೋ ಇರುತ್ತಿತ್ತು. ‘ಮಾಡಿ ಮುಗಿಸಿದ ಕೆಲಸವನ್ನು ಮಾಡಿಲ್ಲವೆಂದು ತಿಳಿದು ಮತ್ತೆ ಮಾಡುವುದು. ಒಲೆ, ಬಿಸಿನೀರು ಮುಂತಾದವುಗಳ ಬಗ್ಗೆ ಎಚ್ಚರ ತಪ್ಪುವುದು.’ ಅಲ್ಲಿಗೆ ನನ್ನ ದನಿ ನಿಂತುಹೋಯಿತು. ಮುಂದಿನ ಸಾಲು ಕಣ್ಣೆದುರಿಗೇ ಇತ್ತು, ಓದಲು ಆಗಲಿಲ್ಲ. ಚಾರ್ಟನ್ನು ಪಕ್ಕದವಳ ಕೈಗೆ ಕೊಟ್ಟು ಹೊರಗೆ ಓಡಿದೆ.

ಎಸ್‌ಟಿಡಿ ಬೂತಿನಿಂದ ಎಸ್ಟೇಟ್ ಆಫೀಸಿಗೆ ನಾಲ್ಕು ಸಲ ಫೋನ್ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಕುಯ್ಲಿನ ಕಾಲ. ಹೆಂಗಸರೆಲ್ಲ ಹಣ್ಣು ಕುಯ್ಯಲು ತೋಟಕ್ಕೆ ಇಳಿದಿರುತ್ತಾರೆ, ಗಂಡ ಕಣದಲ್ಲಿ ಸಿಪ್ಪೆ ಬಿಡಿಸಿದ ಪಾರ್ಚ್‌ಮೆಂಟ್ ಬೀಜ ಒಣಗಲು ಹರಡಿಸುತ್ತಿರುತ್ತಾರೆ. ಕ್ವಾರ್ಟರ್ಸಿನಲ್ಲಿ ಅಜ್ಜಿ ಮತ್ತು ನನ್ನ ಮಗಳು ಇಬ್ಬರೇ.

ಸ್ಟ್ಯಾಂಡಿನಲ್ಲಿ ಜೀಪೇನೋ ಇತ್ತು. ನಮ್ಮ ಕಡೆಯ ಜೀಪುಗಳು ಹಿಂದೆ ಜನ ಜೋತುಬೀಳುವವರೆಗೆ ಹೊರಡುವುದಿಲ್ಲ.

“ಇನ್ನೂ ಆರು ಜನ ಆಗ್ಬೇಕು ಮಾರಾಯ್ರೆ, ಕೂತ್ಕಳಿ” ಎಂದ ಡ್ರೈವರ್.

“ಮನೇಲಿ ಕೂಸಿದೆ, ಈಗ್ಲೇ ಹೊರಡಿ” ಎಂದೆ.

“ಎಲ್ರ ಮನೇಲೂ ಕೂಸಿರ್ತದೆ” ಎಂದು ಅವನು ಬೀಡಿ ಹಚ್ಚಿದ. ಅವನ ಕೊರಳಪಟ್ಟಿ ಹಿಡಿಯುವಷ್ಟು ಸಿಟ್ಟು ಬಂತು. ಆಮೇಲೆ ನಾನು ಅಳಲು ಶುರು ಮಾಡಿದ್ದನ್ನು ನೋಡಿ ಬೀಡಿ ಎಸೆದು ಗಾಡಿ ಸ್ಟಾರ್ಟ್ ಮಾಡಿದ. ಆಗಲೇ ಹನ್ನೊಂದು ದಾಟಿತ್ತು.

ಆ ದಾರಿಯ ಒಂದೊಂದು ತಿರುವೂ ನನಗೆ ಈಗಲೂ ನೆನಪಿದೆ. ಹಂಡೆಯ ನೀರು ಕೈಯಿಡಲಾಗದಷ್ಟು ಸುಡುತ್ತಿರುತ್ತದೆ. ಪಕ್ಕದ ಬಾನಿಯ ತಣ್ಣೀರನ್ನು ಬೆರೆಸಿ ಹದ ಮಾಡಿಕೊಳ್ಳಬೇಕು. ಆ ಒಂದು ಕೆಲಸವನ್ನು ಆಕೆ ಮರೆತರೆ? ಎಷ್ಟು ಬುದ್ಧಿವಂತೆ ನಾನು! ಊರವರ ಮನೆಯ ಕಾಯಿಲೆ ಹುಡುಕಲು ಹೋದವಳಿಗೆ ನನ್ನ ಬಚ್ಚಲಲ್ಲಿ ಕಂಡದ್ದು ತಮಾಷೆ. ದೇವರೇ, ಇವತ್ತು ಅಜ್ಜಿ ನೀರು ಹಾಕುವುದನ್ನೇ ಮರೆತುಬಿಡಲಿ ಎಂದು ಬೇಡಿಕೊಂಡೆ.

ಗೇಟಿನ ಹತ್ತಿರ ಇಳಿದು ಓಡಿದೆ. ಬಚ್ಚಲ ಹೊಗೆ ದೂರದಿಂದಲೇ ಕಂಡಿತು. ಕೂಸಿನ ಅಳು ಕೇಳುತ್ತಿರಲಿಲ್ಲ. ಜೋರಾಗಿ ಅಳಬಾರದೇ ಎಂದು ಒಬ್ಬ ತಾಯಿ ಬಯಸಿದ್ದುಂಟೋ ಇಲ್ಲವೋ, ನಾನು ಬಯಸಿದೆ.

ಮಗಳು ಬಚ್ಚಲ ಬಾಗಿಲಲ್ಲಿ, ಚಾಪೆಯ ಮೇಲೆ, ಮೈತುಂಬ ಎಣ್ಣೆ ಮೆತ್ತಿಸಿಕೊಂಡು ಬೆರಳು ಚೀಪುತ್ತಾ ಮಲಗಿದ್ದಳು. ಒಳಗೆ ಅಜ್ಜಿ ಕಾಲು ಚಾಚಿ ಕೂತಿದ್ದಳು. ನಾನು ನೋಡುತ್ತಿದ್ದಂತೆಯೇ ಹಂಡೆಗೆ ತಂಬಿಗೆ ಅದ್ದಿ ತನ್ನ ಕಾಲಿನ ಮೇಲೆ ಸುರಿದುಕೊಂಡಳು. ಮುಖ ಕಿವುಚಿದಳು. ಬಾನಿಯ ಕಡೆ ಕೈ ಚಾಚಿದಳು. ಕೈ ಅಲ್ಲೇ ನಿಂತಿತು, ಯಾಕೆ ಚಾಚಿದೆ ಎಂದು ತಿಳಿಯದೆ. ಮತ್ತೆ ಹಂಡೆಗೇ ಅದ್ದಿದಳು. ಕೂಸನ್ನು ಮಲಗಿಸುವ ಮೊದಲು ನೀರಿನ ಹದವನ್ನು ತನ್ನ ಕಾಲಿನ ಮೇಲೆ ನೋಡಿಕೊಳ್ಳುವುದು ಆಕೆಯ ರೂಢಿ. ಎಷ್ಟು ಹೊತ್ತಿನಿಂದ ನೋಡಿಕೊಳ್ಳುತ್ತಿದ್ದಳೋ, ಮೊಣಕಾಲ ಕೆಳಗೆಲ್ಲ ಕೆಂಪಾಗಿ ಒಂದು ಕಡೆ ಚರ್ಮ ಎದ್ದಿತ್ತು.

“ಇನ್ನೂ ಹದ ಆಗ್ಲಿಲ್ಲ ಅಮ್ಮ, ಕೂಸನ್ನ ಈಗ್ಲೇ ಕೊಡ್ಬೇಡಿ” ಎಂದಳು.

ತಂಬಿಗೆ ಕಿತ್ತುಕೊಂಡೆ. ಕಾಲಿಗೆ ತಣ್ಣೀರು ಸುರಿದೆ. ಗಂಡನನ್ನು ಕೂಗಿದೆ, ಅವತ್ತು ನನ್ನ ದನಿ ನಿಜವಾಗಿಯೂ ಕಣದವರೆಗೆ ಹೋಯಿತು. ಆ ಕಾಲನ್ನು ಹಿಡಿದು ಕೈಮುಗಿಯಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಬಂದದ್ದು ಹೆದರಿಕೆ ಮಾತ್ರ. ಆಕೆಯ ನೆರಳೂ ನನ್ನ ಮಗಳ ಮೇಲೆ ಬೀಳಬಾರದು ಅನ್ನಿಸಿತು. ಆಮೇಲೆ ಶಿಬಿರದ ಡಾಕ್ಟರು ಬಂದು ನೋಡಿ, ಅದೇ ಕಾಯಿಲೆ ಇರುವ ಹಾಗಿದೆ, ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿ ಎಂದು ಅಜ್ಜಿಯ ಜೊತೆ ಲೈನಿನಲ್ಲೇ ಇದ್ದ ಆಕೆಯ ಮಗಳಿಗೆ ಹೇಳಿದರು.

ಕಾಲಿನ ಸುಟ್ಟಗಾಯ ಮಾಯ್ದ ಮೇಲೆ ಅಜ್ಜಿ ಹನ್ನೆರಡು ಗಂಟೆಗೆ ಸರಿಯಾಗಿ ಮತ್ತೆ ಬರತೊಡಗಿದಳು. ಮೊದಮೊದಲು ಕೂಸಿಗೆ ಶೀತ ಎಂದು ವಾಪಸು ಕಳಿಸಿದೆ. ಆಮೇಲೆ ಅದಕ್ಕಿಂತ ಸುಲಭದ ಸುಳ್ಳು ಸಿಕ್ಕಿತು.

“ಈಗಷ್ಟೇ ನೀವೇ ಹಾಕಿದ್ರಲ್ಲ ಅಜ್ಜಿ.”

“ಹೌದಾ?” ಎಂದು ವಾಪಸು ಹೋಗಿಬಿಡುತ್ತಿದ್ದಳು. ಎಂಟು ಹತ್ತು ದಿನ ಹೀಗೇ ನಡೆಯಿತು. ಆ ನಡುವೆ ವಸ್ತಾರೆಯ ಶಿಬಿರಕ್ಕೆ ಹೋಗಿ ‘ಹೆದರಬೇಡಿ’ ಎಂದು ಓದಿಯೂ ಬಂದೆ. ನಾಚಿಕೆಗೆಟ್ಟ ದನಿ, ಅಲ್ಲಿ ಎಲ್ಲಿಯೂ ತಡವರಿಸಲಿಲ್ಲ.

ಒಂದು ದಿನ ಅಜ್ಜಿ ‘ಹೌದಾ’ ಎನ್ನಲಿಲ್ಲ. ಎರಡೂ ಅಂಗೈಯನ್ನು ಮೂಗಿಗೆ ಹಿಡಿದು ಮೂಸಿದಳು. ಸೆರಗು ಮುಟ್ಟಿ ನೋಡಿದಳು. ಮೆಲ್ಲಗೆ ಮೆಟ್ಟಿಲ ಮೇಲೆ ಕುಕ್ಕರಿಸಿದಳು.

“ಕೈಗೆ ಎಣ್ಣೆ ವಾಸ್ನೆನೇ ಇಲ್ವಲ್ಲಮ್ಮ. ಸೀರೆನೂ ಒಣಗಿದೆ” ಎಂದಳು. “ಹಾಗಾದ್ರೆ ನೀರಿಗೆ ಅಂತ ಎತ್ಕಂಡ ಕೂಸನ್ನ ಎಲ್ಲಿಟ್ಟೆ ನಾನು? ಎಲ್ಲಾದ್ರೂ ಬಿಟ್ಟು ಬಂದ್ನಾ? ನಂಗೆ ಹೆದ್ರಿಕೆ ಆಗ್ತದಮ್ಮ, ಒಂದ್ಸಲ ಹುಡುಕಿ.”

ಕಳಸದಿಂದ ಜೀಪಿನಲ್ಲಿ ಬರುವಾಗ ನನಗಿದ್ದ ಹೆದರಿಕೆ ಅದು. ನನ್ನದು ಒಂದು ತಾಸಿನಲ್ಲಿ ಮುಗಿದಿತ್ತು. ಆಕೆಗೆ ಅದನ್ನು ದಿನಾ ನಾನೇ ಕೊಟ್ಟು ಕಳಿಸುತ್ತಿದ್ದೆ.

ಮಗಳನ್ನು ಎತ್ತಿಕೊಂಡು ಬಂದು ಎದುರಿಗೆ ಹಿಡಿದೆ. “ಇಲ್ಲೇ ಇದ್ದಾಳೆ ಅಜ್ಜಿ. ನೀವು ನೀರು ಹಾಕಿಲ್ಲ. ನಾನು ಸುಳ್ಳು ಹೇಳಿದೆ.”

ಆಕೆಗೆ ಸಿಟ್ಟು ಬರಲಿಲ್ಲ. ಕೂಸಿನ ಕಾಲು ಮುಟ್ಟಿ, ತಲೆ ಮುಟ್ಟಿ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಎಣ್ಣೆ ಬಟ್ಟಲು ತಂದು ಆಕೆಯ ಅಂಗೈಗೆ ಹಾಕಿದೆ. ನೀರು ನಾನೇ ಬೆರೆಸಿದೆ. ಆಕೆ ಬಚ್ಚಲಲ್ಲಿ ಕಾಲು ಚಾಚಿ ಕೂತಳು, ಕೂಸನ್ನು ಕೊಟ್ಟೆ. ತಿಕ್ಕುವ, ಹೊರಳಿಸುವ ಆ ಕೈಗಳು ಏನನ್ನೂ ಮರೆತಿರಲಿಲ್ಲ. ಪಕ್ಕದಲ್ಲಿ ನಿಂತ ನಾನು ಮಾತ್ರ ಮುಗಿಯುವವರೆಗೂ ಪ್ರತಿ ತಂಬಿಗೆಯ ಹದವನ್ನು ನನ್ನ ಕೈ ಮೇಲೆ ನೋಡಿಕೊಂಡೇ ಸುರಿಯುತ್ತಿದ್ದೆ.