ಅತ್ತೆಯೂ ನಾನೂ ಓಡಿದ ಕಾಯಿ ಓಟ

ಗುಬ್ಬಿ ಕಡೆಯ ಕಡಬದ ಹತ್ತಿರ ನನ್ನ ಗಂಡನ ಊರು. ಅಲ್ಲಿ ಪ್ರತಿ ವರ್ಷ ದೀಪಾವಳಿ ಕಳೆದ ಮೊದಲ ಭಾನುವಾರ ಕಾಯಿ ಓಟ. ಹಿಂದೆ ಕೆರೆ ತುಂಬಿ ಕೋಡಿ ಹರಿದಾಗ, ಗಂಗಮ್ಮನಿಗೆ ಮೊದಲ ಕಾಯಿ ಒಡೆಯಲು ಗಂಡಸರು ನಾ ಮುಂದು ತಾ ಮುಂದು ಎಂದು ಓಡುತ್ತಿದ್ದರಂತೆ. ಈಗ ಕೆರೆ ತುಂಬಲಿ, ಬಿಡಲಿ, ಓಟ ತಪ್ಪುವುದಿಲ್ಲ. ಊರ ಅರಳಿಕಟ್ಟೆಯಿಂದ ಕೆರೆ ಏರಿಯ ಗುಡಿಯವರೆಗೆ ಮೂರು ಕಿಲೋಮೀಟರ್ ಟಾರು ರಸ್ತೆ. ತೆಂಗಿನಕಾಯಿ ಕೈಯಲ್ಲೇ ಇರಬೇಕು. ಬಿದ್ದರೆ ಬೀಳಿಸಿದವರೇ ಎತ್ತಿಕೊಳ್ಳಬೇಕು.

ಎರಡು ವರ್ಷದ ಹಿಂದೆ ಹೆಂಗಸರಿಗೂ ಓಡಲು ಬಿಟ್ಟರು. ನಾನು ತುಮಕೂರಿನ ಮರಳೂರಿನಲ್ಲಿ ದಿನಾ ವಾಕಿಂಗ್ ಹೋಗುವವಳು. ಸುದ್ದಿ ಕೇಳಿದ ಕೂಡಲೇ ಹೆಸರು ಬರೆಸಲು ಅತ್ತೆಗೆ ಫೋನ್ ಮಾಡಿದೆ.

“ಬರ್ಸಾಯ್ತು ಕಣೇ. ನಿಂದೂ, ನಂದೂ,” ಅಂದರು.

ಅತ್ತೆಗೆ ಆಗ ಅರವತ್ತಮೂರು.

“ಮಂಡಿ ನೋವು ಅಂತಿದ್ರಲ್ಲಾ ಅತ್ತೆ?”

“ಅದು ಮೆಟ್ಲು ಹತ್ತೋವಾಗ. ಇದು ರೋಡು ತಾನೇ?”

ಆ ಬೆಳಿಗ್ಗೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ನನ್ನ ಗಂಡನ ಹಳೇ ಶೂ ಹಾಕಿಕೊಂಡು ನಿಂತಿದ್ದರು. ತಮಟೆ ಬಡಿಯತೊಡಗಿತು. ಸೀಟಿ ಊದಿದ್ದೇ ತಡ, ಇಪ್ಪತ್ತು ಮೂವತ್ತು ಹೆಂಗಸರು ಒಟ್ಟಿಗೆ ನುಗ್ಗಿದೆವು. ಅತ್ತೆಗೆ ಏನಾದರೂ ಆದರೆ ಎಂಬ ಭಯಕ್ಕೆ ನಾನು ತಿರುಗಿ ತಿರುಗಿ ನೋಡುತ್ತಲೇ ಓಡುತ್ತಿದ್ದೆ.

“ಮುಂದೆ ನೋಡ್ಕೊಂಡ್ ಓಡೇ!” ಹಿಂದಿನಿಂದ ಕೂಗಿದರು.

ಏರಿ ಹತ್ತುವ ತಿರುವಿನಲ್ಲಿ ಬೆವರಿದ ಕೈಯಿಂದ ನನ್ನ ಕಾಯಿ ಜಾರಿತು. ಪುಣ್ಯಕ್ಕೆ ಒಡೆಯಲಿಲ್ಲ, ಆದರೆ ಇಳಿಜಾರಿನಲ್ಲಿ ಉರುಳಿ ಲಂಟಾನದ ಪೊದೆಯೊಳಗೆ ಹೋಯಿತು. ನಾನು ಮುಳ್ಳಿನಲ್ಲಿ ಕೈ ಹಾಕಿ ತಡಕುತ್ತಿದ್ದಾಗ ಅತ್ತೆ ಮೇಲಿನ ರಸ್ತೆಯಲ್ಲಿ ಓಡಿ ಬಂದರು. ನಿಲ್ಲುತ್ತಾರೆ ಅಂದುಕೊಂಡೆ.

“ಸಿಕ್ತಾ?”

“ಇಲ್ಲ ಅತ್ತೆ!”

“ಹುಡುಕು, ಹುಡುಕು,” ಅನ್ನುತ್ತಾ ದಾಟಿ ಹೋಗಿಯೇಬಿಟ್ಟರು!

ಕಾಯಿ ಸಿಕ್ಕ ಮೇಲೆ ನಾನು ಓಡಿದಂಥ ಓಟ ಜನ್ಮದಲ್ಲೇ ಓಡಿರಲಿಲ್ಲ. ರಸ್ತೆಯ ಎರಡೂ ಕಡೆ ಜನ ಸೀಟಿ ಹಾಕುತ್ತಿದ್ದರು. “ಅತ್ತೆ ಗೆಲ್ತಾಳೆ!” “ಇಲ್ಲ ಬುಡು, ಸೊಸೆ ಬಂದ್ಲು ಬಂದ್ಲು!” ಮೊದಲ ಬಹುಮಾನ ಗುಬ್ಬಿಯಲ್ಲಿ ಕಾಲೇಜಿಗೆ ಹೋಗುವ ಹುಡುಗಿಗೆ ಆಗಲೇ ಹೋಗಿತ್ತು, ಆದರೂ ಅವಳನ್ನು ಯಾರೂ ನೋಡುತ್ತಿರಲಿಲ್ಲ. ಇನ್ನು ಹತ್ತು ಹೆಜ್ಜೆ, ಎಂಟು ಹೆಜ್ಜೆ ಅನ್ನುವಷ್ಟರಲ್ಲಿ ಅತ್ತೆ ಗುಡಿ ಮುಟ್ಟಿ, ಒಂದೇ ಏಟಿಗೆ ಕಾಯಿ ಒಡೆದು ಎರಡು ಹೋಳನ್ನೂ ಮೇಲೆತ್ತಿದರು. ನಾನು ಸೋತಿದ್ದೆ, ಆದರೂ ಸಣ್ಣ ಹುಡುಗಿಯಂತೆ ಕುಣಿಯುತ್ತಿದ್ದೆ.

ಯಾರೋ ಮಜ್ಜಿಗೆ ತಂದುಕೊಟ್ಟರು. ಅತ್ತೆ ಲೋಟ ಹಿಡಿದು ನನ್ನ ಭುಜಕ್ಕೆ ಒರಗಿದರು. ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ.

“ನಲ್ವತ್ತು ವರ್ಷ ಓಡ್ಬಂದೋರ್ಗೆ ಇಲ್ಲೇ ನಿಂತು ಮಜ್ಜಿಗೆ ಕೊಟ್ಟಿದೀನಿ ಕಣೇ. ನಂಗೆ ಕೊಟ್ಟಿದ್ದು ಇವತ್ತೇ.”

ಮೂರು ಲೋಟ ಕುಡಿದು, ನಾಲ್ಕನೆಯದಕ್ಕೆ ಕೈ ಚಾಚಿದರು.